ಆಟದ ಲೋಕದಲ್ಲಿ ದಂಡನೀತಿ: ಕೋಟುಮಚಗಿ ಮತ್ತು ಪುಲಿಗೆರೆಯ ಶಾಸನಗಳ ಬೆಳಕಿನಲ್ಲಿ

1. ವಿಷಯದ ಸ್ವರೂಪ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳ ಕಾಲೇಜುಗಳಲ್ಲಿ ಓದುತ್ತಿರುವ ತರುಣರಲ್ಲಿ ಕೆಲವರಾದರೂ ಪ್ರತಿದಿನ ಒಂದಿಷ್ಟು ಹೊತ್ತನ್ನು ಇನ್ನೊಂದು ಊರಿನಲ್ಲಿ ಕಳೆಯುತ್ತಾರೆ. ಆ ಊರಿಗೆ ಭೂಪಟದಲ್ಲಿ ಸ್ಥಾನವಿಲ್ಲ. ಅಲ್ಲಿ ಬೀದಿಗಳಿವೆ, ಅಂಗಡಿಗಳಿವೆ, ಬ್ಯಾಂಕು, ಆಸ್ಪತ್ರೆ, ಪೋಲೀಸು ಠಾಣೆ, ಸೆರೆಮನೆಗಳಿವೆ. ಅಲ್ಲಿಯ ನಿವಾಸಿಗಳೆಲ್ಲರೂ ಎಲ್ಲೆಲ್ಲಿಯೋ ಕುಳಿತು ಅಂತರ್ಜಾಲದ ಮೂಲಕ ಒಂದೊಂದು ವೇಷವನ್ನು ಧರಿಸಿದ ಮನುಷ್ಯರೇ. ಒಬ್ಬನು ವೈದ್ಯನಾಗುತ್ತಾನೆ, ಮತ್ತೊಬ್ಬನು ಫೌಜದಾರನಾಗುತ್ತಾನೆ, ಇನ್ನೊಬ್ಬನು ಕಳ್ಳನಾಗುತ್ತಾನೆ. ಇಂಥ ಆಟಗಳನ್ನು ಈ ಲೇಖನದಲ್ಲಿ ‘ಪಾತ್ರಾಭಿನಯದ ಆಟಗಳು’ ಎಂದು ಕರೆಯಲಾಗಿದೆ. 2013ರಲ್ಲಿ ಪ್ರಕಟವಾದ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಎಂಬ ಆಟವನ್ನು ಆಧಾರವಾಗಿಟ್ಟುಕೊಂಡು ಆಟಗಾರರೇ ಕಟ್ಟಿಕೊಂಡ ಖಾಸಗಿ ನಗರಗಳು ಇವುಗಳಲ್ಲಿ ಬಹಳ ಪ್ರಸಿದ್ಧವಾದವು. ಈ ಉದ್ಯಮವು ನಮಗೆ ತೀರ ದೂರದ್ದೂ ಅಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಆಟ ತಯಾರಿಕೆಯ ಸಂಸ್ಥೆಯನ್ನು 2019ರಲ್ಲಿ, ಮೇಲೆ ಹೇಳಿದ ಆಟವನ್ನು ಪ್ರಕಟಿಸಿದ ರಾಕ್‌ಸ್ಟಾರ್ ಸಂಸ್ಥೆಯೇ ಕೊಂಡುಕೊಂಡಿತು.

ಈ ಕಲ್ಪಿತ ನಗರಗಳನ್ನು ನಡೆಸುವವರಿಗೆ ಒಂದು ತೊಡಕು ಪದೇ ಪದೇ ಎದುರಾಗುತ್ತದೆ. ಅಪರಾಧವಿಲ್ಲದೆ ಅಲ್ಲಿ ಕಥೆಯೇ ಸಾಗದು; ಆದರೆ ಅಪರಾಧಕ್ಕೆ ಕೊಡುವ ಶಿಕ್ಷೆಗೆ ಯಾವ ತೂಕವೂ ಇರುವುದಿಲ್ಲ. ಸೆರೆ ಸಿಕ್ಕವನು ನಗುತ್ತ ಸೆರೆಮನೆಗೆ ಹೋಗಿ ನಗುತ್ತ ಹೊರಬರುತ್ತಾನೆ. ಶಿಕ್ಷೆಗೆ ಅರ್ಥ ಬರುವುದು ಹೇಗೆ ಎಂಬುದೇ ಈ ಲೇಖನದ ಪ್ರಶ್ನೆ. ಇದು ಮಕ್ಕಳಾಟದ ಪ್ರಶ್ನೆಯೆಂದು ವಾಚಕರು ಬದಿಗೆ ಸರಿಸಬಾರದೆಂದು ಕೋರುತ್ತೇವೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನಿಜವಾದ ನ್ಯಾಯಾಲಯದ ಮೆಟ್ಟಿಲನ್ನು ಹತ್ತುವ ಮೊದಲೇ ಇಂಥ ಕಡೆಗಳಲ್ಲಿ ಆರೋಪ, ಸಾಕ್ಷ್ಯ, ತೀರ್ಪು, ದಂಡಗಳ ಮೊದಲ ಪರಿಚಯವನ್ನು ಪಡೆಯಬಹುದು. ಅಲ್ಲಿ ದಂಡವೆಂದರೆ ಕೊಟ್ಟು ತೀರಿಸಬಹುದಾದ ಒಂದು ಬೆಲೆ ಎಂಬ ಪಾಠವನ್ನು ಕಲಿತವರು ಆ ಪಾಠವನ್ನು ಅಲ್ಲಿಯೇ ಬಿಟ್ಟುಬರುವರೆಂದು ನಂಬುವುದು ಕಷ್ಟ.

2. ಪಾತ್ರದ ತಪ್ಪು, ಪಾತ್ರಧಾರಿಯ ತಪ್ಪು

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗರುಡ ಸದಾಶಿವರಾಯರ ನಾಟಕ ಮಂಡಳಿಯನ್ನು ಕಂಡ ಗದಗಿನವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ರಂಗದ ಮೇಲೆ ದುಃಶಾಸನನು ದ್ರೌಪದಿಯ ಸೀರೆಗೆ ಕೈ ಹಾಕಿದರೆ ತಪ್ಪು ದುಃಶಾಸನನದು, ನಟನದಲ್ಲ. ಅದೇ ನಟನು ದ್ವೇಷದಿಂದ ಸಹನಟನ ಕೈಯನ್ನು ನಿಜವಾಗಿ ತಿರುಚಿದರೆ ಆ ತಪ್ಪು ನಟನದು. ಅದಕ್ಕೆ ಉತ್ತರ ಕೊಡಬೇಕಾದವನು ಮಂಡಳಿಯ ಮಾಲಿಕನೇ ಹೊರತು ಧೃತರಾಷ್ಟ್ರನಲ್ಲ. ಆಟದ ಬ್ಯಾಂಕನ್ನು ಕಥೆಯ ಅಂಗವಾಗಿ ದೋಚುವುದು ಪಾತ್ರದ ತಪ್ಪು. ಸಹ ಆಟಗಾರ್ತಿಯನ್ನು ಅಶ್ಲೀಲವಾಗಿ ನಿಂದಿಸುವುದು, ಮೋಸದ ತಂತ್ರಾಂಶದಿಂದ ಗೆಲ್ಲುವುದು ಪಾತ್ರಧಾರಿಯ ತಪ್ಪು. ಮೊದಲನೆಯದಕ್ಕೆ ಆಟದೊಳಗಿನ ದಂಡವೂ ಎರಡನೆಯದಕ್ಕೆ ಆಟದ ಹೊರಗಿನ ಕ್ರಮವೂ ಬೇಕು.

ಇವೆರಡನ್ನೂ ಬೆರೆಸಿದರೆ ಏನಾಗುವುದೆಂಬುದಕ್ಕೆ 1993ರ ಒಂದು ಘಟನೆ ಪ್ರಸಿದ್ಧವಾಗಿದೆ. ಅಮೆರಿಕೆಯ ಪಾವೆಲ್ ಕರ್ಟಿಸ್ ಎಂಬುವರು 1990ರಲ್ಲಿ ಆರಂಭಿಸಿದ್ದ ‘ಲ್ಯಾಂಬ್ಡಾಮೂ’ ಎಂಬ, ಬರೆಹದಿಂದಲೇ ನಡೆಯುತ್ತಿದ್ದ ಕಲ್ಪಿತ ಜಗತ್ತಿನಲ್ಲಿ ಒಬ್ಬ ಆಟಗಾರನು ಒಂದು ಉಪಕರಣದ ಬಲದಿಂದ ಇತರರ ಪಾತ್ರಗಳು ಲೈಂಗಿಕ ಹಿಂಸೆಗೆ ಗುರಿಯಾದಂತೆ ಎಲ್ಲರೆದುರಿಗೆ ಬರೆದು ತೋರಿಸಿದನು. ನೊಂದವರ ನೋವು ನಿಜವಾದುದಾಗಿತ್ತು. ನಿವಾಸಿಗಳು ಸಭೆ ಸೇರಿ ಬಹಳ ಹೊತ್ತು ಚರ್ಚಿಸಿದರೂ ನಿರ್ಣಯಕ್ಕೆ ಬರಲಿಲ್ಲ. ಕೊನೆಗೆ ಮೇಲ್ವಿಚಾರಕರಲ್ಲೊಬ್ಬನು ತಾನೊಬ್ಬನೇ ನಿಶ್ಚಯಿಸಿ ಆ ಪಾತ್ರವನ್ನು ಅಳಿಸಿಹಾಕಿದನು. ಸ್ವಲ್ಪ ಕಾಲದ ಮೇಲೆ ಅದೇ ಆಟಗಾರನು ಬೇರೆ ಹೆಸರಿನಿಂದ ಮರಳಿ ಬಂದನೆಂದು ಅಲ್ಲಿಯವರು ಗುರುತಿಸಿದರು. ಕರ್ಟಿಸರು ಆನಂತರ ನಿವಾಸಿಗಳ ಮನವಿ ಮತ್ತು ಮತದಾನದಿಂದ ನಿಯಮಗಳನ್ನು ರೂಪಿಸುವ ಪದ್ಧತಿಯನ್ನು ತಂದರು. ಈ ಪ್ರಸಂಗದಲ್ಲಿ ಎರಡು ಕೊರತೆಗಳು ಎದ್ದುಕಾಣುತ್ತವೆ: ತಪ್ಪು ನಡೆಯುವ ಮೊದಲು ನಿಯಮವಿರಲಿಲ್ಲ, ಅತ್ಯಂತ ಉಗ್ರವಾದ ದಂಡವು ಹೊಸ ಹೆಸರಿನ ಮುಂದೆ ನಿಷ್ಫಲವಾಯಿತು.

3. ದಂಡವು ಹುಸಿಯಾಗುವುದೇಕೆ?

ಮನುಷ್ಯನು ದಂಡಕ್ಕೆ ಅಂಜುವುದು ತನ್ನಲ್ಲಿರುವ ಯಾವುದೋ ಒಂದನ್ನು ಕಳೆದುಕೊಳ್ಳುವ ಭಯದಿಂದ. ದೇಹ, ಕಾಲ, ಹಣ, ಮಾನ ಇವು ನಾಲ್ಕೂ ದಂಡವು ಹಿಡಿಯುವ ಹಿಡಿಕೆಗಳು. ಆಟದಲ್ಲಿ ದೇಹವು ಬಿದ್ದು ಮರುಕ್ಷಣವೇ ಏಳುತ್ತದೆ. ಹಣವನ್ನು ಗೆಳೆಯರು ತುಂಬಿಕೊಡುತ್ತಾರೆ. ಕಾಲವನ್ನು ಹಿಡಿಯೋಣವೆಂದರೆ, ಇಪ್ಪತ್ತು ನಿಮಿಷದ ಸೆರೆವಾಸ ವಿಧಿಸಿದೊಡನೆ ಆಟಗಾರನು ಆಟವನ್ನು ಮುಚ್ಚಿ ಚಹಾ ಕುಡಿಯಲು ಹೋಗುತ್ತಾನೆ. ಅಥವಾ ಬೇಸತ್ತು ಆ ನಗರವನ್ನೇ ಬಿಟ್ಟುಹೋಗುತ್ತಾನೆ. ಉಳಿಯುವುದು ಮಾನವೊಂದೇ. ಇತರರ ನೆನಪಿನಲ್ಲಿ ತಾನು ಏನಾಗಿದ್ದೇನೆ ಎಂಬುದು ಮಾತ್ರ ಆಟದ ಲೋಕದಲ್ಲಿಯೂ ಸುಳ್ಳಾಗದ ಆಸ್ತಿ.

ಈ ಆಸ್ತಿಯನ್ನು ಮುಟ್ಟದ ದಂಡವು ಬರಿಯ ಬೆಲೆಯಾಗಿ ಮಾರ್ಪಡುತ್ತದೆ. 2003ರಿಂದ ನಡೆದುಬಂದಿರುವ ‘ಈವ್ ಆನ್‌ಲೈನ್’ ಎಂಬ ಆಟದ ಭದ್ರ ವಲಯಗಳಲ್ಲಿ ಅಕಾರಣವಾಗಿ ಇನ್ನೊಬ್ಬರ ನೌಕೆಯ ಮೇಲೆ ದಾಳಿ ಮಾಡಿದವನ ನೌಕೆಯನ್ನು ಕಾವಲು ಪಡೆಯು ತಪ್ಪದೆ ನಾಶಮಾಡುತ್ತದೆ. ಇಷ್ಟು ನಿಶ್ಚಿತವಾದ ಶಿಕ್ಷೆಯಿದ್ದೂ ದಾಳಿಗಳು ನಿಲ್ಲಲಿಲ್ಲ. ಅಗ್ಗದ ನೌಕೆಗಳಲ್ಲಿ ಬಂದು, ಬೆಲೆಬಾಳುವ ಸರಕಿನ ನೌಕೆಯನ್ನು ಒಡೆದು, ತಮ್ಮ ನೌಕೆಗಳ ನಾಶವನ್ನು ಖರ್ಚಿನ ಬಾಬಿಗೆ ಬರೆದುಕೊಂಡು, ಜೊತೆಗಾರನಿಂದ ಸರಕನ್ನು ಎತ್ತಿಸಿಕೊಳ್ಳುವ ಪದ್ಧತಿಯೇ ಬೆಳೆಯಿತು. ನಿಜ ಜೀವನದಲ್ಲಿಯೂ ಇದಕ್ಕೆ ಸಾದೃಶ್ಯವುಂಟು. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಜುಲ್ಮಾನೆ ವಿಧಿಸಿ ನೋಡಿದ ಒಂದು ಅಧ್ಯಯನವನ್ನು ನೀಜಿ ಮತ್ತು ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದರು. ಜುಲ್ಮಾನೆಯಿಂದ ತಡವಾಗಿ ಬರುವವರ ಸಂಖ್ಯೆ ಹೆಚ್ಚಿತು. ಜುಲ್ಮಾನೆಯನ್ನು ತೆಗೆದುಹಾಕಿದ ಮೇಲೂ ಅದು ಇಳಿಯಲಿಲ್ಲ. ಶಿಕ್ಷಕಿಯ ಮುಂದೆ ನಾಚಬೇಕಾದವರು ಹಣ ಕೊಟ್ಟು ನಾಚಿಕೆಯಿಂದ ಬಿಡುಗಡೆ ಪಡೆದರು.

ಹಾಗಾದರೆ ದಂಡವು ಬೆಲೆಯಾಗದಂತೆ ಮಾಡುವುದು ಹೇಗೆ? ಈ ಪ್ರಶ್ನೆಯನ್ನು ಎದುರಿಸಿದವರಲ್ಲಿ ಆಟ ತಯಾರಕರು ಮೊದಲಿಗರಲ್ಲ. ಒಂದು ಸಣ್ಣ ಜನಸಮುದಾಯವು ತನ್ನ ಕಟ್ಟಳೆಯನ್ನು ತಾನೇ ಬರೆದಿಟ್ಟುಕೊಂಡು ನಡೆಸುವ ಕೆಲಸಕ್ಕೆ ನಮ್ಮ ಗದಗ ಜಿಲ್ಲೆಯಲ್ಲಿಯೇ ಎರಡು ಅಮೂಲ್ಯವಾದ ಶಿಲಾಲೇಖಗಳ ಸಾಕ್ಷ್ಯವಿದೆ.

4. ಕೋಟುಮಚಗಿಯ ದಂಡಕ್ರಮ

ಗದಗ ತಾಲೂಕಿನ ಕೋಟುಮಚಗಿಯಲ್ಲಿ ದೊರೆತ, ಕಲ್ಯಾಣದ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ 1012ರ ಶಾಸನವು ಅಲ್ಲಿಯ ಅಗ್ರಹಾರದ ವ್ಯವಸ್ಥೆಯನ್ನು ವಿವರಿಸುತ್ತದೆ. ಅದರಲ್ಲಿ ತಪ್ಪುಗಳಿಗೆ ದಂಡದ ದರಗಳು ಬರೆಯಲ್ಪಟ್ಟಿವೆ. ಬೈದರೆ 2 ಪಣ, ಹೊಡೆದರೆ 12 ಪಣ, ಕಠಾರಿಯನ್ನು ಒರೆಯಿಂದ ಹಿರಿದರೆ 3 ಗದ್ಯಾಣ, ಇರಿದರೆ 12 ಗದ್ಯಾಣ. ಗದ್ಯಾಣವು ಪಣಕ್ಕಿಂತ ಹೆಚ್ಚು ಬೆಲೆಯ ಚಿನ್ನದ ನಾಣ್ಯವೆಂಬುದನ್ನು ಇಲ್ಲಿ ನೆನೆಯಬೇಕು.

ಈ ನಾಲ್ಕು ದರಗಳನ್ನು ಒಂದು ಜಗಳದ ನಾಲ್ಕು ಘಟ್ಟಗಳೆಂದು ಓದಿದರೆ ಅವುಗಳ ವಿವೇಕವು ಹೊಳೆಯುತ್ತದೆ. ಮಾತಿನಿಂದ ಕೈಗೆ, ಕೈಯಿಂದ ಕಠಾರಿಗೆ, ಕಠಾರಿಯಿಂದ ಗಾಯಕ್ಕೆ ಜಗಳವು ಏರುತ್ತದೆ. ದಂಡವೂ ಅದರೊಡನೆ ಏರುತ್ತದೆ. ಕಠಾರಿಯನ್ನು ಹಿರಿದವನಿಗೆ ಆಗಲೇ 3 ಗದ್ಯಾಣದ ದಂಡ ತಗಲಿದೆ. ಆದರೆ ಇರಿಯದೆ ಅದನ್ನು ಒರೆಗೆ ಸೇರಿಸಿದರೆ ಉಳಿದ 9 ಗದ್ಯಾಣ ಉಳಿಯುತ್ತದೆ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನಿಲ್ಲುವುದಕ್ಕೆ ಒಂದು ಕಾರಣವನ್ನು ಕಟ್ಟಳೆಯು ತಪ್ಪುಗಾರನ ಕೈಗೆ ಕೊಡುತ್ತದೆ. ಇಟಲಿಯ ಬೆಕ್ಕಾರಿಯಾ 1764ರಲ್ಲಿ ಅಪರಾಧ ಮತ್ತು ದಂಡಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಅಸಮಾನವಾದ ಅಪರಾಧಗಳಿಗೆ ಸಮಾನವಾದ ದಂಡವಿದ್ದರೆ ಚಿಕ್ಕ ತಪ್ಪಿನಲ್ಲಿ ನಿಲ್ಲುವುದಕ್ಕೆ ಕಾರಣವೇ ಇಲ್ಲದಾಗುವುದೆಂದು ವಾದಿಸಿದನು. ಆ ವಾದದ ಬೀಜವು ಅದಕ್ಕೆ ಏಳೂವರೆ ಶತಮಾನ ಹಿಂದಿನ ಕೋಟುಮಚಗಿಯ ಕಲ್ಲಿನಲ್ಲಿ ಆಚರಣೆಯ ರೂಪದಲ್ಲಿದೆ.

ಆಟದ ನಗರಗಳಲ್ಲಿ ಈ ವಿವೇಕವು ತಪ್ಪಿದಾಗ ಆಗುವ ಪರಿಣಾಮವನ್ನು ಊಹಿಸುವುದು ಸುಲಭ. ಅಂಗಡಿಯನ್ನು ದೋಚಿದರೂ ಹದಿನೈದು ನಿಮಿಷ, ಅಂಗಡಿಕಾರನನ್ನು ಕೊಂದರೂ ಹದಿನೈದು ನಿಮಿಷ ಸೆರೆ ಎಂದಿದ್ದರೆ, ಕಳ್ಳನು ಸಾಕ್ಷಿಯನ್ನು ಉಳಿಸುವುದಿಲ್ಲ. ಬೆದರಿಕೆ, ಚೌಕಾಶಿ, ಶರಣಾಗತಿ ಇವೆಲ್ಲ ಆಟದಿಂದ ಮಾಯವಾಗಿ ಬರಿಯ ಗುಂಡಿನ ಸದ್ದು ಉಳಿಯುತ್ತದೆ. ಹೀಗೆ ಮೆಟ್ಟಿಲಿಲ್ಲದ ದಂಡವು ನ್ಯಾಯವನ್ನಷ್ಟೇ ಅಲ್ಲದೆ ಅಭಿನಯವನ್ನೂ ಕೆಡಿಸುತ್ತದೆ.

5. ಪುಲಿಗೆರೆಯ ಆಚಾರವ್ಯವಸ್ಥೆ

ಎರಡನೆಯ ಶಾಸನವು ಇನ್ನೂ ಹಳೆಯದು. ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಪಂಪನು ತನ್ನ ಕಾವ್ಯಭಾಷೆಗೆ ತಿರುಳನ್ನು ಪಡೆದ ಊರು. ಬಾದಾಮಿಯ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ, ತನ್ನ ತಂದೆ ವಿಜಯಾದಿತ್ಯನು ಆಳುತ್ತಿದ್ದಾಗ, ಪುಲಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ‘ಆಚಾರವ್ಯವಸ್ಥೆ’ಯು ಅಲ್ಲಿಯ ಒಂದು ಕಂಬದ ಮೇಲೆ ಕೆತ್ತಲ್ಪಟ್ಟಿದೆ. ಪ್ರಕೃತ ವಿಷಯಕ್ಕೆ ಅದರಲ್ಲಿ ಎರಡು ಅಂಶಗಳು ಮುಖ್ಯವಾದವು.

ಒಂದನೆಯದು, ಆ ವ್ಯವಸ್ಥೆಯು ಊರಿನವರನ್ನು ಕಟ್ಟುವಂತೆ ಅರಸನ ಅಧಿಕಾರಿಗಳನ್ನೂ ಕಟ್ಟುತ್ತದೆ. ರಾಜದತ್ತಿ, ಸತ್ಪುರುಷರ ಸಾಕ್ಷ್ಯ, ನಡೆದುಬಂದ ಮರ್ಯಾದೆ, ತಾಮ್ರಶಾಸನಗಳು, ಅನುಭವಿಸಿಕೊಂಡು ಬಂದ ಭೂಮಿಯ ಮುಂದುವರಿದ ಅನುಭೋಗ ಇವುಗಳನ್ನು ರಾಜಪುರುಷರು ಕಾಪಾಡತಕ್ಕದ್ದೆಂದು ಅದು ವಿಧಿಸುತ್ತದೆ. ನಿಯಮವನ್ನು ಜಾರಿಗೊಳಿಸುವವನೂ ನಿಯಮದ ಒಳಗೇ ಇದ್ದಾನೆ. ಆಟದ ನಗರಗಳಲ್ಲಿ ಕಲಹಗಳು ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ. ಮೇಲ್ವಿಚಾರಕನು ತನ್ನ ಗೆಳೆಯನ ಸೆರೆವಾಸವನ್ನು ಒಂದು ಗುಂಡಿಯನ್ನೊತ್ತಿ ರದ್ದುಮಾಡಬಲ್ಲನೆಂದು ತಿಳಿದ ದಿನವೇ ಉಳಿದವರ ಪಾಲಿಗೆ ನ್ಯಾಯಾಲಯವು ಬಯಲಾಟದ ಸಭೆಯಾಗುತ್ತದೆ.

ಎರಡನೆಯದು, ದಂಡದ ಹಣವು ಸೇರುವ ಸ್ಥಳ. ಕಳ್ಳತನದ ದಂಡ, ಸಣ್ಣಪುಟ್ಟ ತಪ್ಪುಗಳ ದಂಡ, ‘ದಶಾಪರಾಧ’ವೆನಿಸಿದ ಹತ್ತು ಅಪರಾಧಗಳ ದಂಡ ಇವು ಕಾರ್ತಿಕ ಮಾಸದಲ್ಲಿ ಶ್ರೇಣಿಗೆ, ಅಂದರೆ ಕಸುಬುದಾರರ ಸಂಘಕ್ಕೆ, ಸಲ್ಲಬೇಕೆಂದು ಶಾಸನವು ಹೇಳುತ್ತದೆ. ತಪ್ಪುಗಾರನು ಕೊಟ್ಟ ಹಣವು ಅವನ ನೆರೆಹೊರೆಯವರ ಬೊಕ್ಕಸಕ್ಕೆ ಬಂದು, ಎಲ್ಲರಿಗೂ ಗೊತ್ತಿರುವ ಒಂದು ತಿಂಗಳಲ್ಲಿ ಲೆಕ್ಕಕ್ಕೆ ಸೇರುತ್ತದೆ. ಆಟಗಳಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯೇ ಸಾಮಾನ್ಯ. ಹಣದ ಮೊತ್ತವು ಮಿತಿಮೀರಿ ಬೆಳೆದು ಬೆಲೆಗಳು ಏರದಿರಲೆಂದು ತಯಾರಕರು ದಂಡದ ಹಣವನ್ನು ಶೂನ್ಯದಲ್ಲಿ ಕರಗಿಸಿಬಿಡುತ್ತಾರೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಸರಿಯಿರಬಹುದು. ನ್ಯಾಯದ ದೃಷ್ಟಿಯಿಂದ ಅಲ್ಲಿ ಯಾರಿಗೂ ಏನೂ ಸಂದಿಲ್ಲ. ಅಂಗಡಿಯನ್ನು ಕಳೆದುಕೊಂಡವನ ಕೈಗೆ ದಂಡದ ಒಂದು ಪಾಲೂ, ಕಸುಬುದಾರರ ನಿಧಿಗೆ ಇನ್ನೊಂದು ಪಾಲೂ ಸೇರುವಂತಾದರೆ ಅದೇ ಮೊತ್ತಕ್ಕೆ ಬೇರೆಯ ಅರ್ಥ ಬರುತ್ತದೆ. ಆಗ ತಪ್ಪುಗಾರನಿಗೂ ನೊಂದವನಿಗೂ ನಡುವೆ ಒಂದು ಸಂಬಂಧವು ಏರ್ಪಡುತ್ತದೆ. ದಂಡವನ್ನು ಬೆಲೆಯಿಂದ ಬೇರ್ಪಡಿಸುವುದು ಈ ಸಂಬಂಧವೇ.

6. ನೆನಪು ಮತ್ತು ಮರಳುವ ದಾರಿ

ದರವೂ ಸಂಬಂಧವೂ ಇದ್ದರೆ ಸಾಲದು, ಊರಿಗೆ ನೆನಪಿರಬೇಕು. 1997ರಲ್ಲಿ ಆರಂಭವಾದ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟದಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕೊಂದು ದೋಚುವ ಹಾವಳಿ ಹೆಚ್ಚಿದಾಗ, ಕೊಲೆಗಳನ್ನು ಎಣಿಸುವ ಕ್ರಮವನ್ನು ತಂದರು. ಐದು ಕೊಲೆಗಳ ಆರೋಪ ಬಿದ್ದವನ ಹೆಸರು ಎಲ್ಲರ ಕಣ್ಣಿಗೂ ಕೆಂಪಾಗಿ ಕಾಣುತ್ತಿತ್ತು. ಕಾವಲಿರುವ ಪಟ್ಟಣಗಳಿಗೆ ಅವನು ಕಾಲಿಡುವಂತಿರಲಿಲ್ಲ. ಆಡಿದ ಅವಧಿ ಕಳೆದಂತೆ ಎಣಿಕೆಯು ಕ್ರಮೇಣ ಇಳಿಯುತ್ತಿತ್ತು. ನೆನಪೂ ಉಂಟು, ಮರೆವಿಗೆ ಅವಕಾಶವೂ ಉಂಟು. ಆದರೂ ಈ ಕ್ರಮದಿಂದ ಪೂರ್ಣವಾದ ಸಮಾಧಾನ ದೊರೆಯಲಿಲ್ಲ. 2000ದಲ್ಲಿ ಸಮ್ಮತಿಯಿಲ್ಲದೆ ಯಾರೂ ಯಾರ ಮೇಲೂ ಕೈಮಾಡಲಾಗದ ಇನ್ನೊಂದು ಪ್ರತಿರೂಪ ಜಗತ್ತನ್ನೇ ಅವರು ನಿರ್ಮಿಸಬೇಕಾಯಿತು. ಅಪರಾಧವನ್ನು ಅಸಾಧ್ಯಗೊಳಿಸಿದ್ದರಿಂದ ಶಾಂತಿಯು ದೊರೆಯಿತು. ಆದರೆ ನ್ಯಾಯದ ಪ್ರಶ್ನೆಯು ಉತ್ತರವನ್ನು ಪಡೆಯದೆ ಬದಿಗೆ ಸರಿಯಿತು.

ಕೊರಿಯಾದಲ್ಲಿ 2013ರಲ್ಲಿ ಬಿಡುಗಡೆಯಾದ ‘ಆರ್ಕ್‌ಏಜ್’ ಎಂಬ ಆಟವು ಬೇರೊಂದು ದಾರಿಯನ್ನು ಹಿಡಿಯಿತು. ಕಳವೋ ಕೊಲೆಯೋ ನಡೆದ ಸ್ಥಳದಲ್ಲಿ ಹೆಜ್ಜೆಗುರುತು, ರಕ್ತದ ಕಲೆಗಳು ಉಳಿಯುತ್ತವೆ. ಅವನ್ನು ಕಂಡವರು ವರದಿ ಮಾಡಬಹುದು. ಅಪರಾಧದ ಅಂಕಗಳು ಒಂದು ಮಿತಿಯನ್ನು ದಾಟಿದವನು ಸಿಕ್ಕಿಬಿದ್ದಾಗ ಐವರು ಆಟಗಾರರ ಪಂಚಾಯತಿಯ ಮುಂದೆ ನಿಂತು ತನ್ನ ಪಕ್ಷವನ್ನು ಹೇಳಿಕೊಳ್ಳುತ್ತಾನೆ. ನಿರ್ದೋಷಿಯೆಂದೋ, ಇಷ್ಟು ಕಾಲದ ಸೆರೆಯೆಂದೋ ಅವರು ಮತ ಕೊಡುತ್ತಾರೆ. ಅಪಕೀರ್ತಿಯು ಮಿತಿಮೀರಿದವನು ತನ್ನ ನಾಡಿನಿಂದ ಹೊರಬಿದ್ದು ಕಡಲ್ಗಳ್ಳರ ಪಂಗಡವನ್ನು ಸೇರಬೇಕಾಗುತ್ತದೆ. ಇಲ್ಲಿ ದಂಡವು ಆಟವನ್ನು ನಿಲ್ಲಿಸುವುದಿಲ್ಲ. ತಪ್ಪುಗಾರನಿಗೆ ಮತ್ತೊಂದು ಪಾತ್ರವನ್ನು ಕೊಡುತ್ತದೆ. ಬೇಸರದಿಂದಲೋ ವಿನೋದಕ್ಕಾಗಿಯೋ ಮತ ಹಾಕುವ ಪಂಚರ ಅಪಾಯವು ಇಲ್ಲಿಯೂ ಇದ್ದೇ ಇದೆ. ಆದರೂ ವಿಚಾರಣೆಯೇ ಆಟದ ಒಂದು ರಸವತ್ತಾದ ಅಂಕವಾಗಬಲ್ಲದೆಂಬುದನ್ನು ಈ ಪ್ರಯೋಗವು ತೋರಿಸಿತು.

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ರಚಿಸಿದನೆಂದು ಪರಂಪರೆಯು ಹೇಳುವ ಭಾರತದ ಸಭಾಪರ್ವವನ್ನು ಇಲ್ಲಿ ನೆನೆಯದಿರಲಾಗದು. ದ್ಯೂತವೂ ಒಂದು ಆಟವೇ. ಅಲ್ಲಿ ಪಣವಾದದ್ದು ಅಪರಾಧದ ದಂಡವಲ್ಲ, ನಿಜ. ಆದರೂ ಆಟದ ಫಲಕ್ಕೆ ತೂಕ ಬರುವ ಬಗೆಯನ್ನು ಆ ಕಥೆಯು ಚೆನ್ನಾಗಿ ತೋರಿಸುತ್ತದೆ. ಮೊದಲನೆಯ ದ್ಯೂತದಲ್ಲಿ ಪಾಂಡವರು ಸೋತದ್ದನ್ನೆಲ್ಲ ಧೃತರಾಷ್ಟ್ರನು ತನ್ನ ಮಾತಿನಿಂದ ಹಿಂದಿರುಗಿಸುತ್ತಾನೆ. ಆಟವು ಆಡದಂತೆಯೇ ಆಗಿ, ಕಲಹವು ಮರುದ್ಯೂತಕ್ಕೆ ಎಳೆಯುತ್ತದೆ. ಎರಡನೆಯದರ ಪಣವು ಸ್ಪಷ್ಟವಾಗಿದೆ: ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ, ಗುರುತು ಸಿಕ್ಕರೆ ಮತ್ತೆ ಮೊದಲಿನಿಂದ. ಅವಧಿಯುಂಟು, ಭಂಗವಾದರೆ ಫಲವುಂಟು, ಮುಗಿದರೆ ಮರಳುವ ಹಕ್ಕುಂಟು. ಆ ಹದಿಮೂರು ವರ್ಷಗಳು ಕಥೆಯನ್ನು ನಿಲ್ಲಿಸಲಿಲ್ಲ. ಅರಣ್ಯಪರ್ವವೂ ವಿರಾಟಪರ್ವವೂ ಅವುಗಳಿಂದಲೇ ಹುಟ್ಟಿದವು. ಮರಳಿ ಬಂದವರಿಗೆ ಹಕ್ಕನ್ನು ನಿರಾಕರಿಸಿದಾಗ ಆದದ್ದೇನೆಂಬುದು ಸರ್ವವಿದಿತ.

7. ಎರಡು ಆಕ್ಷೇಪಗಳು

ವಿನೋದಕ್ಕಾಗಿ ಬಂದವರನ್ನು ದಂಡನೀತಿಯಿಂದ ಕಟ್ಟಿಹಾಕುವುದು ಸರಿಯೇ ಎಂದು ಕೆಲವರು ಕೇಳಬಹುದು. ಚದುರಂಗದಲ್ಲಿ ಮುಟ್ಟಿದ ಕಾಯನ್ನು ನಡೆಸಲೇಬೇಕೆಂಬ ನಿಯಮವು ಆಟದ ಸುಖವನ್ನು ಕಡಿಮೆ ಮಾಡಿಲ್ಲ. ನಡೆಗೆ ಬೆಲೆಯನ್ನು ತಂದಿದೆ. ನಾವು ಕೋರುವುದು ಹೆಚ್ಚು ಕಠೋರವಾದ ದಂಡವನ್ನಲ್ಲ. ಮೊದಲೇ ತಿಳಿದ, ಮೆಟ್ಟಿಲುಮೆಟ್ಟಿಲಾದ, ಅಧಿಕಾರಿಗೂ ಅನ್ವಯಿಸುವ, ನೊಂದವನಿಗೆ ಸಲ್ಲುವ, ಕೊನೆಯುಳ್ಳ ದಂಡವು ಮೃದುವಾಗಿದ್ದರೂ ಸಾಕು.

ಪ್ರಾಚೀನ ಶಾಸನಗಳು ನಮಗೆ ಆದರ್ಶವಾಗಬಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದು ಗಂಭೀರವಾದುದು. ಅಗ್ರಹಾರದ ಮಹಾಜನರು ಬ್ರಾಹ್ಮಣರು. ಸ್ಮೃತಿಗಳ ದಂಡವು ವರ್ಣಭೇದವನ್ನು ಅನುಸರಿಸುತ್ತಿತ್ತು. ದಶಾಪರಾಧಗಳ ಪಟ್ಟಿಗಳಲ್ಲಿ ವರ್ಣಸಂಕರದಂಥ, ಇಂದು ನಾವು ಅಪರಾಧವೆಂದು ಒಪ್ಪಲಾಗದ ಸಂಗತಿಗಳೂ ಇವೆ. ಆ ಕಲ್ಲುಗಳಿಂದ ನಾವು ಕಲಿಯಬೇಕಾದದ್ದು ಅವುಗಳ ರಚನೆಯನ್ನೇ ಹೊರತು ಅವುಗಳ ಸಮಾಜವನ್ನಲ್ಲ. ನಮ್ಮ ಇಂದಿನ ಕಾನೂನೂ ಅದೇ ರಚನೆಯ ಕಡೆಗೆ ಒಂದು ಹೆಜ್ಜೆಯನ್ನಿಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯು ದಂಡಗಳಲ್ಲೊಂದಾಗಿ ಸೇರಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಸಲ ತಪ್ಪಿತಸ್ಥನಾದವನು ಆ ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಈ ದಂಡವು ಸಲ್ಲುತ್ತದೆ.

8. ಉಪಸಂಹಾರ

ಅಧ್ಯಾಪಕರು ಈ ವಿಷಯವನ್ನು ತರಗತಿಗೆ ತರುವುದು ಕಷ್ಟವಲ್ಲ. ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಒಂದು ಕಲ್ಪಿತ ಪೇಟೆಯನ್ನು ಕಟ್ಟಿಕೊಳ್ಳಲಿ. ಅದಕ್ಕೆ ಗಣಕಯಂತ್ರವೂ ಬೇಕಾಗಿಲ್ಲ. ಆಟಕ್ಕೆ ಮೊದಲು ತಮ್ಮ ಆಚಾರವ್ಯವಸ್ಥೆಯನ್ನು ತಾವೇ ಬರೆದು ಗೋಡೆಗೆ ಅಂಟಿಸಲಿ. ಯಾವ ತಪ್ಪಿಗೆ ಎಷ್ಟು, ಅದು ಯಾರಿಗೆ ಸಲ್ಲಬೇಕು, ಎಷ್ಟು ದಿನಗಳ ಮೇಲೆ ಅಳಿಯಬೇಕು, ಅಧ್ಯಾಪಕರೇ ನಿಯಮವನ್ನು ಮುರಿದರೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಅವರು ಉತ್ತರಿಸಲಿ. ಒಂದು ತಿಂಗಳು ಆಡಿದ ಮೇಲೆ ಯಾವ ದಂಡವು ನಾಟಿತು, ಯಾವುದು ನಗೆಪಾಟಲಾಯಿತು ಎಂಬುದನ್ನು ಅವರೇ ಬರೆದುಕೊಡುವರು. ಅನಂತರ ಲಕ್ಷ್ಮೇಶ್ವರದ ಮತ್ತು ಕೋಟುಮಚಗಿಯ ಶಾಸನಪಾಠಗಳನ್ನು ಅವರ ಮುಂದಿಟ್ಟರೆ, ಕಲ್ಲಿನ ಅಕ್ಷರಗಳು ಅವರಿಗೆ ಪರೀಕ್ಷೆಯ ಪಾಠವಾಗಿ ಉಳಿಯದೆ, ತಮ್ಮಂತೆಯೇ ತೊಡಕಿಗೆ ಸಿಕ್ಕಿದ್ದ ಊರಿನವರ ಉತ್ತರಗಳಾಗಿ ಕಾಣುವುವು.

ತಾನು ಇರಬಯಸುವ ಊರಿನ ನೆನಪಿನಲ್ಲಿ ತನ್ನ ಹೆಸರು ಏನಾಗುವುದೆಂಬ ಚಿಂತೆಯೇ ದಂಡಕ್ಕೆ ತೂಕವನ್ನು ಕೊಡುತ್ತದೆ. ಕಲ್ಲುಕಟ್ಟಡದ ಊರಿಗೆ ಈ ಮಾತು ಹೇಗೋ, ಬೆಳಕಿನ ಪರದೆಯ ಮೇಲಿನ ಊರಿಗೂ ಹಾಗೆಯೇ. ಆದುದರಿಂದ ಆಟದ ನಗರವನ್ನು ಕಟ್ಟುವವರು ಸೆರೆಮನೆಯ ಗೋಡೆಯನ್ನು ಎತ್ತರಿಸುವ ಮೊದಲು, ತಪ್ಪು ಮಾಡಿದವನೂ ಬಿಟ್ಟುಹೋಗಲು ಬಯಸದಂಥ ಒಂದು ಊರನ್ನು ಕಟ್ಟುವುದು ಒಳಿತು.